ಗೋಡೆ ಓನರ್‌ದು, ಬಿಲ್ಲು ನಮ್ಮದು: ದುಬೈನ ಹಳೇ ಕಟ್ಟಡಗಳಲ್ಲಿ ಕರೆಂಟ್ ಉಳಿಸುವ ಲೆಕ್ಕ

ಜೂನ್ ಬಂತೆಂದರೆ ದೇರಾ, ಕರಾಮಾ, ಸತ್ವಾದ ಹಳೇ ಬಿಲ್ಡಿಂಗುಗಳಲ್ಲಿರುವ ನಮ್ಮವರಿಗೆ ಕರೆಂಟ್ ಬಿಲ್ಲಿನದ್ದೇ ಚಿಂತೆ. ಎಲ್ಲರೂ ಎಸಿಯನ್ನೇ ದೂರುತ್ತಾರೆ. ಎಷ್ಟೋ ಸಲ ತಪ್ಪು ಗೋಡೆ, ಕಿಟಕಿಗಳದ್ದು.

ಬಿಸಿ ಒಳಗೆ ಬರುವುದು ಹೇಗೆ?
ದುಬೈ ಮುನಿಸಿಪಾಲಿಟಿ ಹೊಸ ಕಟ್ಟಡಗಳಿಗೆ ಶಾಖ ತಡೆಯುವ ಇನ್ಸುಲೇಷನ್ ನಿಯಮ ತಂದದ್ದು 2003ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಕಟ್ಟಡಗಳಲ್ಲಿ ಇರುವುದು ಬರೀ ಹಾಲೋ ಬ್ಲಾಕ್, ಪ್ಲಾಸ್ಟರ್, ಒಂಟಿ ಗಾಜು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಇಂಥ ಗೋಡೆಯ ಒಂದು ಚದರ ಮೀಟರಿನಲ್ಲಿ ಸುಮಾರು 2ರಿಂದ 2.5 ವಾಟ್ ಶಾಖ ಹಾಯುತ್ತದೆ. ಈಗಿನ ಗ್ರೀನ್ ಬಿಲ್ಡಿಂಗ್ ನಿಯಮದ ಮಿತಿ 0.57 ಮಾತ್ರ. ಒಂಟಿ ಗಾಜಿನಲ್ಲಿ ಅದು 5.7ರ ಹತ್ತಿರ, ಜೋಡಿ ಗಾಜಿನಲ್ಲಿ ಅರ್ಧಕ್ಕಿಳಿಯುತ್ತದೆ.

ಬೇಸಿಗೆಯಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಗಿಂತ ಟೆರೇಸಿಗೂ ಪೂರ್ವ, ಪಶ್ಚಿಮದ ಕಿಟಕಿಗಳಿಗೂ ಪೆಟ್ಟು ಜಾಸ್ತಿ. ಮನೆ ನೋಡಲು ಹೋದಾಗ ಇದನ್ನು ಮೊದಲು ಗಮನಿಸಿ.

ಬಿಲ್ಲಿನ ಲೆಕ್ಕ
ದೇವಾದ ಮನೆ ದರ ಹೀಗಿದೆ: ತಿಂಗಳಿಗೆ ಮೊದಲ 2000 ಯೂನಿಟ್‌ಗೆ 23 ಫಿಲ್ಸ್, 4000ದವರೆಗೆ 28, 6000ದವರೆಗೆ 32, ಆಮೇಲೆ 38. ಫ್ಯುಯೆಲ್ ಸರ್‌ಚಾರ್ಜ್, ವ್ಯಾಟ್ ಬೇರೆ. 2500 ಯೂನಿಟ್ ಸುಟ್ಟರೆ 460 ಮತ್ತು 140, ಒಟ್ಟು 600 ದಿರ್ಹಂ. ಅದರಲ್ಲಿ 500 ಯೂನಿಟ್ ಉಳಿಸಿದರೆ 140 ದಿರ್ಹಂ ಉಳಿಯಿತು. ಅಂದರೆ ಉಳಿತಾಯ ಯಾವಾಗಲೂ ಮೇಲಿನ ದುಬಾರಿ ಸ್ಲ್ಯಾಬಿನಿಂದಲೇ ಶುರು.

ಎರಡು ವಿಷಯ ನೆನಪಿರಲಿ. ಅದೇ ಬಿಲ್ಲಿನಲ್ಲಿ ಬರುವ ಹೌಸಿಂಗ್ ಫೀ ವರ್ಷದ ಬಾಡಿಗೆಯ ಶೇ. 5, ಕರೆಂಟ್ ಉಳಿಸಿದರೂ ಅದು ಇಳಿಯದು. ನಿಮ್ಮದು ಚಿಲ್ಲರ್ ಫ್ರೀ ಮನೆಯಾಗಿದ್ದರೆ ತಂಪು ಮಾಡುವ ಖರ್ಚು ಓನರ್‌ದು, ಉಳಿತಾಯವೂ ಅವರದ್ದೇ.

ಬಾಡಿಗೆದಾರರು ಮಾಡಬಹುದಾದ್ದು
• ಬಾಗಿಲು, ಸ್ಲೈಡಿಂಗ್ ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ. ವಿಂಡೋ ಎಸಿ ಸುತ್ತಲಿನ ಸಂದಿಯನ್ನೂ ಮುಚ್ಚಿ. ಬಿಸಿ ಗಾಳಿಯ ಜತೆ ತೇವವೂ ನಿಲ್ಲುತ್ತದೆ.
• ಪಶ್ಚಿಮದ ಗಾಜಿಗೆ ಬಿಸಿಲು ಹಿಂದಕ್ಕೆ ಹೊಡೆಯುವ ಫಿಲ್ಮ್. ಶಾಖ ಹೀರುವ ಕಪ್ಪು ಫಿಲ್ಮಿನಿಂದ ಗಾಜು ಬಿರುಕು ಬಿಡಬಹುದು, ಕೇಳಿ ಹಾಕಿಸಿ.
• ಪರದೆಗಿಂತ ಹೊರಗಿನ ನೆರಳು ಮೇಲು. ಬಾಲ್ಕನಿಯಲ್ಲಿ ಏನೇ ಕಟ್ಟುವ ಮೊದಲು ಓನರ್ ಒಪ್ಪಿಗೆ ಪಡೆಯಿರಿ.

ಖರ್ಚನ್ನು ತಿಂಗಳ ಉಳಿತಾಯದಿಂದ ಭಾಗಿಸಿ. 420 ದಿರ್ಹಂ ಹಾಕಿ ತಿಂಗಳಿಗೆ 140 ಉಳಿದರೆ ಮೂರು ತಿಂಗಳಲ್ಲಿ ಅಸಲು ವಾಪಸ್. ಕಾಂಟ್ರ್ಯಾಕ್ಟ್ ಮುಗಿಯುವುದರೊಳಗೆ ಅಸಲು ಬಾರದ ಕೆಲಸಕ್ಕೆ ಕೈ ಹಾಕಬೇಡಿ.

ಓನರ್ ಮಾಡಬೇಕಾದ್ದು
ಟೆರೇಸಿಗೆ ಇನ್ಸುಲೇಷನ್, ಬಿಳಿ ಬಣ್ಣ, ಜೋಡಿ ಗಾಜು, ಹೊರಗೋಡೆಯ ಹೊದಿಕೆ: ಇವು ಓನರ್ ಕೆಲಸ. ಹೊದಿಕೆ ಬೆಂಕಿ ಹಿಡಿಯದ ಸಾಮಗ್ರಿಯದೇ ಆಗಬೇಕು. 2015 ಮತ್ತು 2017ರಲ್ಲಿ ಮರೀನಾದ ಟಾರ್ಚ್ ಟವರಿನ ಹೊರಮೈಯಲ್ಲಿ ಬೆಂಕಿ ಹಬ್ಬಿದ್ದನ್ನು ಮರೆಯಬಾರದು. ರಿನ್ಯೂವಲ್‌ಗೆ ಮೊದಲು ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಬೇಸಿಗೆಯ ಬಿಲ್ಲುಗಳ ಜೆರಾಕ್ಸ್ ಇಟ್ಟು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ದೂರಿಗಿಂತ ಕಾಗದದ ಲೆಕ್ಕಕ್ಕೆ ಬೆಲೆ ಜಾಸ್ತಿ.