ಒಂದು ಕಥೆಯ ವೀರ, ಇನ್ನೊಂದು ಕಥೆಯ ಮೃಗ

ಒಂದು ಕಥೆಯ ವೀರನನ್ನು ಇನ್ನೊಂದು ಕಥೆಯ ಮೃಗದ ಎದುರು ತಂದು ನಿಲ್ಲಿಸುವುದನ್ನು ಕಾಮಿಕ್ಸ್ ಲೋಕ ಕ್ರಾಸ್‌ಓವರ್ ಎನ್ನುತ್ತದೆ. ಬ್ಯಾಟ್‌ಮ್ಯಾನ್ ಒಂದು ಕಂಪನಿಯ ಸೊತ್ತು, ಪ್ರಿಡೇಟರ್ ಎಂಬ ಅನ್ಯಗ್ರಹದ ಬೇಟೆಗಾರ ಇನ್ನೊಂದು ಕಂಪನಿಯ ಸಿನಿಮಾದವನು. ಇಬ್ಬರನ್ನೂ ಒಂದೇ ಪುಸ್ತಕದಲ್ಲಿ ಕಾದಾಡಿಸಿದರೆ ಎರಡೂ ಕಡೆಯ ಓದುಗರು ಕೊಳ್ಳುತ್ತಾರೆ. ವ್ಯಾಪಾರದ ಲೆಕ್ಕದ ಹಿಂದೆ ಕಥೆಗಾರನ ತೊಂದರೆಯೂ ಒಂದಿದೆ. ವೀರನನ್ನು ಮೇಲೇರಿಸುತ್ತ ಹೋದಂತೆ ಅವನ ಸ್ವಂತ ಕಥೆಯಲ್ಲಿ ಅವನಿಗೆ ಸಮನಾದ ಎದುರಾಳಿ ಉಳಿಯುವುದಿಲ್ಲ, ಹೊರಗಿನಿಂದಲೇ ತರಬೇಕಾಗುತ್ತದೆ. ಹಿರೇಕೆರೂರಿನ ಸುತ್ತಲಿನ ಸೀಮೆ ಈ ತೊಂದರೆಯನ್ನು ಚಾಲುಕ್ಯರ ಕಾಲದಿಂದಲೂ ಬಲ್ಲದು. ಅದು ಕಂಡುಕೊಂಡ ಪರಿಹಾರಗಳು ಕಲ್ಲಿನಲ್ಲಿವೆ.

ಹಿರೇಕೆರೂರಿನಿಂದ ನೈಋತ್ಯಕ್ಕೆ ಹೋದರೆ ಶಿರಾಳಕೊಪ್ಪ, ಅದರ ಮಗ್ಗುಲಲ್ಲೇ ಬಳ್ಳಿಗಾವಿ. ಇಂದು ಹಿರೇಕೆರೂರು ಹಾವೇರಿ ಜಿಲ್ಲೆ, ಉಳಿದೆರಡು ಶಿವಮೊಗ್ಗ ಜಿಲ್ಲೆ. ಹನ್ನೊಂದನೆಯ ಶತಮಾನದಲ್ಲಿ ಇದೆಲ್ಲ ಬನವಾಸಿ ಹನ್ನೆರಡು ಸಾಸಿರದ ಒಳಗಿತ್ತು, ಬಳ್ಳಿಗಾವಿ ಅದರ ರಾಜಧಾನಿಯಾಗಿತ್ತು. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕೈಕೆಳಗೆ ಬನವಾಸಿಯನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾಮುಂಡರಾಯರಸ 1047ರಲ್ಲಿ ಅಲ್ಲಿ ಗಂಡಭೇರುಂಡದ ಕಂಬವನ್ನು ನಿಲ್ಲಿಸಿದ. ಭೇರುಂಡನ ಮೈ ಮನುಷ್ಯನದು, ಕುತ್ತಿಗೆಯ ಮೇಲೆ ಮಾತ್ರ ಎಡಕ್ಕೊಂದು ಬಲಕ್ಕೊಂದು ತಿರುಗಿದ ಎರಡು ಹಕ್ಕಿತಲೆ. ಊರವರ ಬಾಯಲ್ಲಿ ಅವನು ಭೇರುಂಡೇಶ್ವರನಾದ. ಈ ಭಾಗದ ಶಾಸನಗಳಲ್ಲಿ ಹೊಲ ಅಳೆಯುವ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಮಾತೂ ಬರುತ್ತದೆ. ಅಂದರೆ ಪುರಾಣದ ಹಕ್ಕಿಯ ಹೆಸರು ರೈತನ ಭೂಮಿಯ ಲೆಕ್ಕದವರೆಗೂ ಇಳಿದಿತ್ತು.

ಭೇರುಂಡ ಒಂಟಿಯಾಗಿ ಹುಟ್ಟಿದ ಕಲ್ಪನೆಯಲ್ಲ, ಒಂದು ಸರಣಿಯ ಕೊನೆಯ ಮೆಟ್ಟಿಲು. ಆನೆಯನ್ನು ಸಿಂಹ ಕೊಲ್ಲುತ್ತದೆ, ಸಿಂಹವನ್ನು ಶರಭ ಕೊಲ್ಲುತ್ತದೆ, ಶರಭವನ್ನು ಗಂಡಭೇರುಂಡ. ಶರಭದ ಹೆಸರು ಮಹಾಭಾರತದಲ್ಲೇ ಸಿಗುತ್ತದೆ. ಅಲ್ಲಿ ಅದು ಎಂಟು ಕಾಲಿನ, ಸಿಂಹವನ್ನೇ ಕೊಲ್ಲುವ ಕಾಡುಮೃಗ. ಶಾಂತಿಪರ್ವದಲ್ಲಿ ಒಂದು ಕಥೆಯಿದೆ. ಋಷಿಯೊಬ್ಬನ ಆಶ್ರಮದಲ್ಲಿ ಒಂದು ನಾಯಿ ಇರುತ್ತದೆ. ಚಿರತೆ ಮೇಲೆ ಬೀಳಬಂದಾಗ ಋಷಿ ಅದನ್ನೂ ಚಿರತೆ ಮಾಡುತ್ತಾನೆ, ಹುಲಿ ಬಂದಾಗ ಹುಲಿ, ಆನೆ ಬಂದಾಗ ಆನೆ, ಸಿಂಹ ಬಂದಾಗ ಸಿಂಹ, ಕೊನೆಗೆ ಶರಭ ಬಂದಾಗ ಶರಭ. ಶರಭವಾದ ನಾಯಿಗೆ ತಿನ್ನಲು ಬೇರಾವ ಮೃಗವೂ ಸಿಗದೆ ಅದರ ಕಣ್ಣು ಋಷಿಯ ಮೇಲೆಯೇ ಬೀಳುತ್ತದೆ. ಋಷಿ ಅದನ್ನು ಮತ್ತೆ ನಾಯಿ ಮಾಡಿ ಅಟ್ಟುತ್ತಾನೆ. ಭೀಷ್ಮ ಇದನ್ನು ಹೇಳುವುದು ಅರಸನು ಯಾರನ್ನು ಯಾವ ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂಬ ಪಾಠಕ್ಕಾಗಿ. ಮೃಗಗಳನ್ನು ಒಂದರ ಮೇಲೊಂದು ಏರಿಸುವ ಕಥೆಗಾರನಿಗೂ ಇದರಲ್ಲಿ ಎಚ್ಚರಿಕೆಯಿದೆ: ಏರಿಕೆ ಶುರುವಾದರೆ ನಿಲ್ಲಿಸುವ ಜಾಗ ಸಿಗುವುದಿಲ್ಲ.

ಪುರಾಣಗಳಿಗೆ ಆ ಜಾಗ ಸಿಗಲಿಲ್ಲ. ಹಿರಣ್ಯಕಶಿಪುವನ್ನು ಸೀಳಿದ ಮೇಲೂ ನರಸಿಂಹನ ಉಗ್ರತೆ ಇಳಿಯದೆ ಲೋಕ ನಡುಗುತ್ತದೆ. ಇಲ್ಲಿಯವರೆಗೆ ಕಥೆ ವೈಷ್ಣವರದು. ಲಿಂಗಪುರಾಣ, ಶಿವಪುರಾಣಗಳು ಮುಂದಿನ ಅಧ್ಯಾಯವನ್ನು ತಾವೇ ಬರೆದವು. ಶಿವ ವೀರಭದ್ರನನ್ನು ಕಳಿಸುತ್ತಾನೆ, ಸಮಾಧಾನದ ಮಾತು ನಡೆಯದಾಗ ಶರಭರೂಪ ತೋರುತ್ತದೆ. ಅರ್ಧ ಸಿಂಹ, ಅರ್ಧ ಹಕ್ಕಿಯಾದ ಆ ಶರಭ ನರಸಿಂಹನನ್ನು ಎತ್ತಿಕೊಂಡು ಹಾರುತ್ತದೆ. ನರಸಿಂಹನ ಚರ್ಮ ಶಿವನ ಉಡುಗೆಯಾಗುತ್ತದೆ. ವೈಷ್ಣವರು ಇದನ್ನು ಒಪ್ಪಿ ಸುಮ್ಮನಿರುವುದು ಸಾಧ್ಯವಿರಲಿಲ್ಲ. ಅವರ ಹೇಳಿಕೆಯಲ್ಲಿ ನರಸಿಂಹನೇ ಗಂಡಭೇರುಂಡನಾಗಿ ಬೆಳೆದು ಶರಭವನ್ನು ಸೀಳುತ್ತಾನೆ. ಒಂದೇ ಕಾಳಗಕ್ಕೆ ಎರಡು ಮುಕ್ತಾಯ ಹುಟ್ಟಿದವು. ಯಾವುದು ನಿಜ ಎಂಬುದು ಕೇಳುವವನ ಹಣೆಯ ಮೇಲೆ ವಿಭೂತಿ ಇದೆಯೋ ನಾಮ ಇದೆಯೋ ಎಂಬುದರ ಮೇಲೆ ನಿಂತಿತು. ಶೈವ ಮುಕ್ತಾಯಕ್ಕೆ ಚೋಳರ ನಾಡಿನಲ್ಲಿ ಗುಡಿಯೇ ಎದ್ದಿತು; ಕುಂಭಕೋಣದ ಹತ್ತಿರದ ತ್ರಿಭುವನಂನಲ್ಲಿ ಶರಭನಿಗೆ ಪ್ರತ್ಯೇಕ ಸನ್ನಿಧಿಯಿದೆ.

ಹಾಗೆಂದು ಭೇರುಂಡವನ್ನು ಎಲ್ಲೆಲ್ಲೂ ವೈಷ್ಣವರ ಆಯುಧವೆಂದೇ ಓದಿದರೆ ಬಳ್ಳಿಗಾವಿಯಲ್ಲಿ ಎಡವಬೇಕಾಗುತ್ತದೆ. ಚಾಮುಂಡರಾಯರಸ ಕಂಬ ನಿಲ್ಲಿಸಿದ್ದು ಜಗದೇಕಮಲ್ಲೇಶ್ವರನ ಮುಂದೆ, ಅಂದರೆ ಶಿವಾಲಯದ ಮುಂದೆ. ಅಲ್ಲಿ ಭೇರುಂಡ ಅರಸನ ಬಲದ ಗುರುತು: ಎದುರಾಳಿಗಳು ಆನೆ ಸಿಂಹಗಳಾದರೆ ತಾನು ಅವಕ್ಕೆಲ್ಲ ಮೇಲಿನವನು ಎಂಬ ಘೋಷಣೆ. ಪಂಥದ ಜಗಳಕ್ಕಿಂತ ಸಾಮಂತನ ಹೆಮ್ಮೆಯೇ ಆ ಕಲ್ಲಿನಲ್ಲಿ ಎದ್ದು ಕಾಣುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಸರಣಿ ಇಡಿಯಾಗಿ ಒಂದೇ ಕೆತ್ತನೆಯಲ್ಲಿ ಬಂದಿದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಕೆಳದಿಯ ರಾಮೇಶ್ವರ ಗುಡಿಯಲ್ಲಿ ಭೇರುಂಡ ತಲೆ ಎತ್ತಿ ನೋಡಬೇಕಾದ ಚಾವಣಿಯ ಮೇಲಿದೆ. ವಿಜಯನಗರದ ಅಚ್ಯುತರಾಯ ಅದನ್ನು ಚಿನ್ನದ ನಾಣ್ಯಕ್ಕೆ ಇಳಿಸಿದ. ಅಂಗೈಯಲ್ಲಿ ಹಿಡಿದು ನೋಡಿದರೆ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳು ಸಿಕ್ಕಿಕೊಂಡಿವೆ. ಮೈಸೂರು ಒಡೆಯರ ಲಾಂಛನದ ಮೂಲಕ ಅದು ಕರ್ನಾಟಕ ಸರ್ಕಾರದ ಮುದ್ರೆಗೆ ಬಂತು. ಮುದ್ರೆಯ ನಡುವೆ ಭೇರುಂಡ, ಎರಡು ಮಗ್ಗುಲಲ್ಲಿ ಅದನ್ನು ಕಾಯುತ್ತ ನಿಂತಿರುವವು ಆನೆಯ ಸೊಂಡಿಲು, ಸಿಂಹದ ಮೈಯ ಶರಭಗಳು. ಪುರಾಣದಲ್ಲಿ ಒಂದನ್ನೊಂದು ಸೀಳಿದವು ಸರ್ಕಾರಿ ಕಾಗದದ ಮೇಲೆ ಒಟ್ಟಿಗೆ ನೌಕರಿ ಮಾಡುತ್ತಿವೆ.

ಗೆಲುವನ್ನು ಒಂದು ಕಡೆಗೆ ಕೊಡದ ಕಥೆಯೂ ಕನ್ನಡ ನಾಡಿನಲ್ಲಿದೆ, ಅದು ಭೀಮ ಮತ್ತು ಪುರುಷಾಮೃಗದ್ದು. ವ್ಯಾಸಭಾರತದಲ್ಲಿ ಇಲ್ಲದ ಈ ಪ್ರಸಂಗ ಜನರ ಬಾಯಲ್ಲಿ ಬೆಳೆದು ಗುಡಿಯ ಕಂಬಗಳಿಗೆ ಏರಿದೆ. ಪುರುಷಾಮೃಗಕ್ಕೆ ಗಡ್ಡದ ಮನುಷ್ಯಮುಖ, ಸೊಂಟದಿಂದ ಕೆಳಗೆ ಸಿಂಹದ ಮೈ. ಅದು ಕಟ್ಟಾ ಶಿವಭಕ್ತ. ಪಾಂಡವರ ಯಾಗಕ್ಕೆ ಅದನ್ನು ಕರೆತರಲು ಹೋದ ಭೀಮನಿಗೆ ಒಂದು ಷರತ್ತು ಬೀಳುತ್ತದೆ: ಅವನು ಮುಂದೆ ಓಡಬೇಕು, ಮೃಗ ಹಿಂದೆ ಬರುತ್ತದೆ, ತನ್ನ ಗಡಿ ದಾಟುವ ಮುನ್ನ ಸಿಕ್ಕರೆ ತಿನ್ನುತ್ತದೆ. ಓಟದಲ್ಲಿ ಭೀಮ ಅದಕ್ಕೆ ಸಾಟಿಯಲ್ಲ. ಆದರೆ ಅವನ ಬಳಿ ಕೆಲವು ಕೂದಲುಗಳಿವೆ. ಕೊಟ್ಟವನು ಹನುಮಂತ ಎನ್ನುವವರೂ ಇದ್ದಾರೆ, ಕೃಷ್ಣ ಎನ್ನುವವರೂ ಇದ್ದಾರೆ. ಒಂದು ಕೂದಲು ನೆಲಕ್ಕೆ ಬಿದ್ದರೆ ಅಲ್ಲಿ ಲಿಂಗಗಳು ಏಳುತ್ತವೆ. ಲಿಂಗ ಕಂಡ ಮೃಗ ಮಿಂದು, ಪೂಜೆ ಮುಗಿಸಿಯೇ ಮುಂದಕ್ಕೆ ಹೆಜ್ಜೆ ಇಡುತ್ತದೆ. ಕೂದಲು ಮುಗಿದಾಗ ಭೀಮನ ಒಂದು ಕಾಲು ಗಡಿಯ ಆಚೆ, ಇನ್ನೊಂದು ಈಚೆ, ಈಚೆಯ ಕಾಲು ಮೃಗದ ಕೈಯಲ್ಲಿ. ವ್ಯಾಜ್ಯ ಧರ್ಮರಾಯನ ಮುಂದೆ ಬರುತ್ತದೆ. ಅರ್ಧ ದೇಹ ಮೃಗಕ್ಕೆ ಸಲ್ಲಬೇಕೆಂದು ಅಣ್ಣನೇ ತೀರ್ಪು ಕೊಡುತ್ತಾನೆ. ಆ ನ್ಯಾಯಕ್ಕೆ ಮೆಚ್ಚಿ ಮೃಗ ಭೀಮನನ್ನು ಬಿಡುತ್ತದೆ. ವೀರ ಸೋಲಲಿಲ್ಲ, ಮೃಗವೂ ಸೋಲಲಿಲ್ಲ, ಶಿವಭಕ್ತಿಗೂ ಪಾಂಡವರ ಧರ್ಮಕ್ಕೂ ಕುಂದು ಬರಲಿಲ್ಲ. ಶರಭ ಭೇರುಂಡಗಳ ಸರಣಿಗಿಂತ ಕಥೆಗಾರಿಕೆಯಲ್ಲಿ ಇದು ಮೇಲು. ಅಲ್ಲಿ ಬಲಕ್ಕೆ ಬಲವನ್ನು ಕೂಡಿಸುವುದೊಂದೇ ಉಪಾಯ, ಇಲ್ಲಿ ಮೃಗದ ಸ್ವಭಾವವೇ ವೀರನಿಗೆ ದಾರಿ ಕೊಡುತ್ತದೆ.

ಕೆತ್ತನೆಯ ಜೊತೆಗೆ ಬರಹವನ್ನೂ ಇಟ್ಟು ಕಥೆ ಹೇಳುವ ರೂಢಿಗೆ ಹಿರೇಕೆರೂರು ತಾಲ್ಲೂಕಿನಲ್ಲೇ ಒಂದು ಗಟ್ಟಿ ಉದಾಹರಣೆ ಇದೆ. ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದು ಏಕಾಂತದ ರಾಮಯ್ಯನ ಪವಾಡವನ್ನು ಹೇಳುತ್ತದೆ. ಜೈನರೊಡನೆ ನಡೆದ ವಾದದಲ್ಲಿ ಆತ ತನ್ನ ತಲೆಯನ್ನೇ ಅರಿದು ಶಿವನಿಗೆ ಒಪ್ಪಿಸಿ ಏಳು ದಿನಗಳ ಮೇಲೆ ಮರಳಿ ಪಡೆದನೆಂದೂ, ಕೊನೆಗೆ ಅರಸ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟನೆಂದೂ ಅದರಲ್ಲಿದೆ. ಗುಡಿಯ ಶಿಲ್ಪಫಲಕಗಳು ಇದೇ ಘಟನೆಯನ್ನು ತೋರಿಸುತ್ತವೆ, ಚಿತ್ರದಲ್ಲಿರುವುದು ಏನೆಂದು ಹೇಳುವ ಕಿರುಬರಹ ಜೊತೆಗಿದೆ. ಜೆ.ಎಫ್. ಫ್ಲೀಟ್ ಈ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಗೆದ್ದವರು ಬರೆಸಿದ ಕಥೆ ಇದು. ಸೋತವರೆನಿಸಿಕೊಂಡವರ ಮಾತು ಆ ಗೋಡೆಯ ಮೇಲೆ ಇಲ್ಲ. ಮೃಗವಿಲ್ಲದ ಕಾಳಗವಾದರೂ ಎರಡು ಪಂಥಗಳ ಪಂಥಾಹ್ವಾನ, ಮಿತಿಮೀರಿದ ಸಾಹಸ, ಚಿತ್ರಕ್ಕೊಂದು ಸಾಲು ಎಲ್ಲವೂ ಒಂದೇ ಕಡೆ ಸೇರಿವೆ. ಓದಲು ಬಾರದವನಿಗೆ ಚಿತ್ರ, ಬರುವವನಿಗೆ ಬರಹ. ಇನ್ನು ಶರಭನ ಕಥೆಯಲ್ಲಿ ಬಂದ ವೀರಭದ್ರನ ಮಾತಾದರೆ ಈ ಸೀಮೆಯಲ್ಲಿ ಅವನು ಪುಸ್ತಕದಲ್ಲಿ ಉಳಿದವನಲ್ಲ. ಅವನ ಭಕ್ತರಾದ ಪುರವಂತರು ಜಾತ್ರೆಗಳಲ್ಲಿ ಕತ್ತಿ ಹಿಡಿದು ಒಡಪು ಹೇಳುತ್ತ ದಕ್ಷಯಜ್ಞವನ್ನು ಇಂದಿಗೂ ಬೀದಿಗೆ ತರುತ್ತಾರೆ.

ಅಚ್ಚಿನ ಕಾಮಿಕ್ಸ್ ಬಂದದ್ದು ಬಹಳ ತಡವಾಗಿ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಶುರುಮಾಡಿ ಫ್ಯಾಂಟಮ್‌ನನ್ನು ಭಾರತದ ಭಾಷೆಗಳಿಗೆ ತಂದಿತು. ಮರುವರ್ಷ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಕನ್ನಡದಲ್ಲಿ ಹೊರಬಂದವು. ಮೊದಲ ಹತ್ತು ಪಾಶ್ಚಾತ್ಯ ಮಕ್ಕಳ ಕಥೆಗಳಾಗಿದ್ದವು. ಅನಂತ ಪೈ ಅವರ ‘ಕೃಷ್ಣ’ ಬಂದಾಗ ಅದರ ಕ್ರಮಸಂಖ್ಯೆ 11 ಆದದ್ದು ಅದಕ್ಕೇ. ಮಕ್ಕಳ ಪತ್ರಿಕೆ ಬಾಲಮಂಗಳ ಓದಿ ಬೆಳೆದವರಿಗೆ ಡಿಂಗನ ಪರಿಚಯ ಹೇಳಬೇಕಾಗಿಲ್ಲ. 1983ರಲ್ಲಿ ಮಲಯಾಳದಲ್ಲಿ ಡಿಂಕನ್ ಆಗಿ ಹುಟ್ಟಿ ಕನ್ನಡಕ್ಕೆ ಬಂದ ಈ ಇಲಿ ಮೊದಲು ಬರೀ ತುಂಟ. ಬೇರೆ ಗ್ರಹದವರು ಹೊತ್ತೊಯ್ದು ಪ್ರಯೋಗ ಮಾಡಿದ ಮೇಲೆ ಅದಕ್ಕೆ ಅಪಾರ ಶಕ್ತಿ ಬರುತ್ತದೆ. ವಿಜ್ಞಾನಕಥೆಯ ಅನ್ಯಗ್ರಹಜೀವಿಯೂ ಅತಿಮಾನುಷ ವೀರನೂ ಕನ್ನಡದ ಮಕ್ಕಳಿಗೆ ಒಂದೇ ಕಥೆಯಲ್ಲಿ ಸಿಕ್ಕಿದ್ದು ಹೀಗೆ. ಆದರೆ ಅನ್ಯಗ್ರಹದವರು ಇಲ್ಲಿ ವರ ಕೊಡುವ ಋಷಿಗಳ ಜಾಗದಲ್ಲಿದ್ದಾರೆಯೇ ಹೊರತು ಎದುರಾಳಿಗಳ ಜಾಗದಲ್ಲಿಲ್ಲ.

ಎದುರಾಳಿಗಳಾಗಿ ಅವರನ್ನೂ ದೈತ್ಯಮೃಗಗಳನ್ನೂ ಬೆಳೆಸಿದ್ದು ಹಾಲಿವುಡ್ ಮತ್ತು ಜಪಾನ್. ಜಪಾನಿನ ತೊಹೊ ಕಂಪನಿ 1954ರಲ್ಲಿ ಗಾಡ್ಜಿಲ್ಲಾನನ್ನು ಸೃಷ್ಟಿಸಿತು, 1962ರಲ್ಲಿ ಅಮೆರಿಕದ ಕಿಂಗ್ ಕಾಂಗ್ ಜೊತೆ ಕಾದಾಟಕ್ಕೆ ಬಿಟ್ಟಿತು. ಜಪಾನಿನ ಪ್ರತಿಯಲ್ಲಿ ಗಾಡ್ಜಿಲ್ಲಾ ಗೆಲ್ಲುತ್ತಾನೆ, ಅಮೆರಿಕದ ಪ್ರತಿಯಲ್ಲಿ ಕಾಂಗ್ ಎಂಬ ಸುದ್ದಿ ದಶಕಗಳ ಕಾಲ ಓಡಾಡಿತು. ಅದು ಸುಳ್ಳು, ಎರಡರಲ್ಲೂ ಮೇಲುಗೈ ಕಾಂಗ್‌ನದೇ. 1977ರಿಂದ 1979ರವರೆಗೆ ಮಾರ್ವೆಲ್ ಪರವಾನಗಿ ಪಡೆದು ಗಾಡ್ಜಿಲ್ಲಾನ 24 ಸಂಚಿಕೆಗಳನ್ನು ತಂದಿತು. ಫೆಂಟಾಸ್ಟಿಕ್ ಫೋರ್, ಅವೆಂಜರ್ಸ್ ಅದರಲ್ಲಿ ಎದುರಾದರು. ಪರವಾನಗಿ ಮುಗಿದ ಮೇಲೆ 1985ರ ಐರನ್ ಮ್ಯಾನ್ ಸಂಚಿಕೆಗಳಲ್ಲಿ ಅದೇ ಮೃಗ ಬೇರೆ ಮುಖ, ಬೇರೆ ಮೈ ಹೊತ್ತು ಬಂತು. ದುಷ್ಟ ವಿಜ್ಞಾನಿಯೊಬ್ಬ ಅದನ್ನು ಮಾರ್ಪಡಿಸಿದ ಎಂಬುದು ಕಥೆಯ ಕಾರಣ. ನಿಜವಾದ ಕಾರಣ ಹಕ್ಕುಸ್ವಾಮ್ಯದ್ದು.

ಈ ವ್ಯಾಪಾರವನ್ನು ಪಳಗಿಸಿದ್ದು ಡಾರ್ಕ್ ಹಾರ್ಸ್ ಎಂಬ ಪ್ರಕಾಶನ. ಏಲಿಯನ್ (1979), ಪ್ರಿಡೇಟರ್ (1987) ಸಿನಿಮಾಗಳ ಮೃಗಗಳನ್ನು ಅದು 1989ರಲ್ಲಿ ಮೊದಲು ಒಂದಕ್ಕೊಂದು ಎದುರು ಹೂಡಿತು. 1991ರಲ್ಲಿ ಡಿಸಿ ಕಂಪನಿಯೊಡನೆ ಸೇರಿ ‘ಬ್ಯಾಟ್‌ಮ್ಯಾನ್ ವರ್ಸಸ್ ಪ್ರಿಡೇಟರ್’ ತಂದಿತು. ಅದರಲ್ಲಿ ಬ್ಯಾಟ್‌ಮ್ಯಾನ್ ಸಾವಿನ ಬಾಗಿಲವರೆಗೆ ಹೋಗಿ ಗೆಲ್ಲುತ್ತಾನೆ, ಸೋತ ಬೇಟೆಗಾರ ತಾನೇ ಪ್ರಾಣ ಬಿಡುತ್ತಾನೆ, ಅವನ ಕಡೆಯವರು ಬಂದು ಗೆದ್ದವನಿಗೆ ಕತ್ತಿ ಕೊಟ್ಟು ಗೌರವಿಸುತ್ತಾರೆ. ಇಬ್ಬರು ಮಾಲೀಕರ ಮರ್ಯಾದೆಯೂ ಉಳಿಯಿತು. 1995ರ ‘ಸೂಪರ್‌ಮ್ಯಾನ್/ಏಲಿಯನ್ಸ್’ನಲ್ಲಿ ಸಮಸ್ಯೆ ಬೇರೆ, ಗುಂಡೂ ತಾಗದ ಮೈಗೆ ಹಲ್ಲು ಉಗುರುಗಳಿಂದ ಏನಾದೀತು? ಕಥೆಗಾರ ಡ್ಯಾನ್ ಜರ್ಗನ್ಸ್ ಅವನನ್ನು ಸೂರ್ಯನಿಂದ ದೂರ ಕಳಿಸಿ ಬಲ ಇಳಿಸಿದರು, ಸೂರ್ಯನ ಹತ್ತಿರ ಬಂದೊಡನೆ ಬಲ ಮರಳಿತು. ಇಂಥ ಪುಸ್ತಕಗಳು ಹೆಚ್ಚಾಗಿ ಯಾವ ಗುರುತೂ ಬಿಡದೆ ಮುಗಿಯುತ್ತವೆ, ಮುಂದಿನ ತಿಂಗಳು ವೀರ ಏನೂ ಆಗಿಲ್ಲವೆಂಬಂತೆ ತನ್ನ ಊರಲ್ಲಿರುತ್ತಾನೆ. 1998ರ ‘ವೈಲ್ಡ್‌ಕ್ಯಾಟ್ಸ್/ಏಲಿಯನ್ಸ್’ ಅಪವಾದ. ವಾರೆನ್ ಎಲ್ಲಿಸ್ ಅದರಲ್ಲಿ ಸ್ಟಾರ್ಮ್‌ವಾಚ್ ಎಂಬ ಪಡೆಯ ಹಲವರನ್ನು ಕೊಲ್ಲಿಸಿದರು, ಸತ್ತವರು ಮೂಲ ಸರಣಿಯಲ್ಲೂ ಸತ್ತವರಾಗಿಯೇ ಉಳಿದರು.

ಶೈವರಿಗೂ ವೈಷ್ಣವರಿಗೂ ನಡುವೆ ಕರಾರುಪತ್ರ ಇರಲಿಲ್ಲ, ಆದ್ದರಿಂದ ಮುಕ್ತಾಯದ ಮೇಲೆ ಮುಕ್ತಾಯ ಬೆಳೆಯಿತು. ಕಾಮಿಕ್ಸ್‌ನಲ್ಲಿ ಕರಾರು ಇತ್ತು, ಆದ್ದರಿಂದ ಯಾರೂ ಪೂರ್ತಿ ಸೋಲುವಂತಿರಲಿಲ್ಲ. 2019ರಲ್ಲಿ ಡಿಸ್ನಿ ಕಂಪನಿ ಫಾಕ್ಸ್ ಕಂಪನಿಯನ್ನು ಕೊಂಡ ಮೇಲೆ ಮಾರ್ವೆಲ್‌ನ ವೀರರೂ ಏಲಿಯನ್, ಪ್ರಿಡೇಟರ್ ಮೃಗಗಳೂ ಒಬ್ಬನೇ ಯಜಮಾನನ ಕೈಗೆ ಬಂದವು. 2023ರಲ್ಲಿ ‘ಪ್ರಿಡೇಟರ್ ವರ್ಸಸ್ ವುಲ್ವರಿನ್’ ಬಂತು. 2024ರ ‘ಏಲಿಯನ್ಸ್ ವರ್ಸಸ್ ಅವೆಂಜರ್ಸ್’ನಲ್ಲಿ ಭೂಮಿಯೇ ಆ ಮೃಗಗಳ ಪಾಲಾಗಿದೆ, ಉಳಿದ ವೀರರು ಮುದುಕರು. ಗಾಡ್ಜಿಲ್ಲಾ ಮಾತ್ರ ಇನ್ನೂ ತೊಹೊ ಕಂಪನಿಯದೇ. 2023ರಲ್ಲಿ ಡಿಸಿ ಅವನನ್ನು ಜಸ್ಟೀಸ್ ಲೀಗ್ ಎದುರು ತಂದರೆ, 2025ರಲ್ಲಿ ಮಾರ್ವೆಲ್ ಹೊಸ ಪರವಾನಗಿಯೊಂದಿಗೆ ಫೆಂಟಾಸ್ಟಿಕ್ ಫೋರ್ ಎದುರು ಮತ್ತೆ ನಿಲ್ಲಿಸಿತು, ಈ ಸಲ ಅವನದೇ ಮುಖದಲ್ಲಿ.