ಹರಿಗೋಲಿನ ಆಯ್ಕೆ: ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳ ನದಿ ಮೀನುಗಾರರಿಗೆ ಮಾಹಿತಿ

ಕಪಿಲೆ ಎಂದೂ ಕರೆಯಲ್ಪಡುವ ಕಬಿನಿ ನದಿಯು ನಂಜನಗೂಡಿನ ಮೂಲಕ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಭಾಗದ ಮೀನುಗಾರರು ತಲೆಮಾರುಗಳಿಂದ ಬಳಸುತ್ತಿರುವುದು ಹರಿಗೋಲನ್ನು. ಆಡುಮಾತಿನಲ್ಲಿ ಇದಕ್ಕೆ ತೆಪ್ಪವೆಂದೂ ಹೆಸರುಂಟು. ದುಂಡಗಿನ, ಚಪ್ಪಟೆ ತಳದ ಈ ದೋಣಿಯು ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ ಹಾಗೂ ಬಂಡೆಗಳ ನಡುವೆ ಸುಲಭವಾಗಿ ತಿರುಗುತ್ತದೆ. ಆದರೆ ಇದಕ್ಕೆ ಮೂತಿಯೂ ಇಲ್ಲ, ಚುಕ್ಕಾಣಿಯೂ ಇಲ್ಲ. ಸೆಳೆತ ಹೆಚ್ಚಾದಾಗ ಒಂದೇ ಹುಟ್ಟಿನಿಂದ ಇದನ್ನು ನೇರವಾಗಿ ನಡೆಸುವುದು ನುರಿತವರಿಗೂ ಕಷ್ಟ. ಆದುದರಿಂದ ಯಾವ ನೀರಿಗೆ, ಯಾವ ಕೆಲಸಕ್ಕೆ ಎಂಬುದನ್ನು ಕೊಳ್ಳುವ ಮುನ್ನವೇ ನಿರ್ಧರಿಸತಕ್ಕದ್ದು.

ಹಿಂದೆ ಬಿದಿರಿನ ಹೆಣಿಗೆಯ ಮೇಲೆ ಚರ್ಮವನ್ನು ಹೊದಿಸಲಾಗುತ್ತಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಂತಹ ದೋಣಿಗಳನ್ನು ಬುಟ್ಟಿಗೆ ಹೋಲಿಸಿದ್ದಾನೆ. ಕಾಲಕ್ರಮೇಣ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದವು. ಬಿದಿರಿನ ಹರಿಗೋಲು ಹಗುರವಾಗಿದ್ದು, ಒಬ್ಬರೇ ಬೆನ್ನ ಮೇಲೆ ಹೊತ್ತು ಸಾಗಿಸಬಹುದು. ಕಲ್ಲಿಗೆ ತಾಗಿದರೆ ಬಳುಕುತ್ತದೆ. ಹರಿದ ಹೊದಿಕೆಗೆ ಮನೆಯಲ್ಲಿಯೇ ತೇಪೆ ಹಾಕಬಹುದು. ಆದರೆ ನೀರು ಕುಡಿದ ಬಿದಿರು ಕೊಳೆಯುತ್ತದೆ. ಫೈಬರ್ ಗ್ಲಾಸ್ ಹರಿಗೋಲು ಕೊಳೆಯುವುದಿಲ್ಲ, ಹೆಚ್ಚು ವರ್ಷ ಬಾಳುತ್ತದೆ. ಬೆಲೆ ಮಾತ್ರ ಅಧಿಕ. ಬಂಡೆಗೆ ಬಡಿದು ಬಿರುಕು ಬಿಟ್ಟರೆ ದುರಸ್ತಿಗೆ ರಾಳ ಮತ್ತು ಗಾಜಿನ ನಾರು ಬೇಕು. ವರ್ಷವಿಡೀ ಬಲೆ ಬಿಡುವವರಿಗೆ ಇದೇ ಲೇಸು. ಬೇಸಿಗೆಯಲ್ಲಷ್ಟೇ ಬಂಡೆಗಳ ನಡುವೆ ಮೀನು ಹಿಡಿಯುವವರಿಗೆ ಬಿದಿರಿನದು ಸಾಕು.

ಅಳತೆಯ ವಿಷಯದಲ್ಲಿ ಮಿತವ್ಯಯ ಸಲ್ಲದು. ಕಿರಿದಾದ ಹರಿಗೋಲಿನಲ್ಲಿ ಇಬ್ಬರೂ ಒಂದೇ ಬದಿಗೆ ಬಾಗಿ ಬಲೆ ಎಳೆದರೆ ಅದು ಮಗುಚುವ ಸಂಭವವಿರುತ್ತದೆ. ಕೊಳ್ಳುವಾಗ ಆಳವಿಲ್ಲದ ನೀರಿನಲ್ಲಿ ಇಬ್ಬರು ಕುಳಿತು, ಒದ್ದೆ ಬಲೆಯನ್ನೂ ಇಟ್ಟು, ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ನೋಡುವುದು ಉತ್ತಮ. ಮೀನುಗಾರಿಕೆಗೆಂದು ಕೊಂಡ ಹರಿಗೋಲಿನಲ್ಲಿ ಯಾತ್ರಿಕರನ್ನು ಸಾಗಿಸಬಾರದು.

ಕಬಿನಿಯ ಜಲಾನಯನದ ಮೇಲ್ಭಾಗ ಕೇರಳದ ವಯನಾಡಿನಲ್ಲಿದೆ. ಅಲ್ಲಿ ಮಳೆ ಸುರಿದು ಬೀಚನಹಳ್ಳಿಯ ಜಲಾಶಯದಿಂದ ನೀರು ಬಿಟ್ಟಾಗ, ನಂಜನಗೂಡಿನಲ್ಲಿ ಬಿಸಿಲಿದ್ದರೂ ನದಿ ಏರುತ್ತದೆ. ಆ ಪ್ರವಾಹಕ್ಕೆ ತಕ್ಕ ಹರಿಗೋಲು ಯಾವುದೂ ಇಲ್ಲ. ಮುನ್ನೆಚ್ಚರಿಕೆ ಪ್ರಕಟವಾದೊಡನೆ ಅದನ್ನು ದಡದಿಂದ ಎತ್ತರದ ಸ್ಥಳಕ್ಕೆ ಸಾಗಿಸಿ ಕಟ್ಟಿಹಾಕತಕ್ಕದ್ದು. ಇತರ ದಿನಗಳಲ್ಲಿಯೂ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇರಲೇಬೇಕು. ಹರಿಗೋಲಿನ ವೆಚ್ಚವನ್ನು ಲೆಕ್ಕ ಹಾಕುವಾಗಲೇ ಇದರ ಬೆಲೆಯನ್ನೂ ಸೇರಿಸಿಕೊಳ್ಳುವುದು.

ಹರಿಗೋಲು ಖರೀದಿಗೆ ಸಹಾಯಧನದ ಬಗ್ಗೆ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು.