ಕೆಮ್ಮಣ್ಣುಗುಂಡಿಯ ಗಣಿಯೂ ಕಲ್ಲತ್ತಿಗಿರಿಯ ಜಾತ್ರೆಯೂ

ಕೆಮ್ಮಣ್ಣುಗುಂಡಿಯೆಂಬ ಹೆಸರೇ ಕೆಂಪು ಮಣ್ಣಿನ ಗುಂಡಿಯೆಂಬರ್ಥವನ್ನು ಕೊಡುವುದು. ತರೀಕೆರೆ ಸೀಮೆಯ ಈ ಬೆಟ್ಟದ ಕಬ್ಬಿಣದ ಅದಿರು ತಂತಿದಾರಿಯಿಂದ ತಣಿಗೆಬೈಲಿಗಿಳಿದು, ೧೯೨೩ರಲ್ಲಿ ಕೆಲಸಕ್ಕೆ ತೊಡಗಿದ ಭದ್ರಾವತಿಯ ಕಾರ್ಖಾನೆಗೆ ಸಾಗುತ್ತಿದ್ದಿತು. ಸಮೀಪದ ಕಲ್ಲತ್ತಿಗಿರಿಯಲ್ಲಿ, ಜಲಪಾತದ ಬುಡದಲ್ಲಿ, ವಿಜಯನಗರದ ಕಾಲಕ್ಕೆ ಸಲ್ಲುವ ವೀರಭದ್ರಸ್ವಾಮಿಯ ಗುಡಿಯುಂಟು. ವರ್ಷಕ್ಕೊಮ್ಮೆ ಅಲ್ಲಿ ಜಾತ್ರೆ ನೆರೆಯುವುದು.

ಗಣಿಯಿಂದ ಊರು, ಊರಿನಿಂದ ಉತ್ಸವವೆಂದು ಊಹಿಸುವುದು ಸಹಜ. ಇಲ್ಲಿ ಆ ಕ್ರಮವು ಹೊಂದದು. ಜಾತ್ರೆಗೆ ಆಶ್ರಯವಾದ ಗುಡಿಯೇ ಕಾರ್ಖಾನೆಗಿಂತ ಶತಮಾನಗಳಷ್ಟು ಹಿಂದಿನದು. ಜಾತ್ರೆಯೆಂಬುದು ಯಾತ್ರಾ ಶಬ್ದದ ತದ್ಭವವಷ್ಟೆ. ಹೋಗುವುದೇ ಅದರ ಮೂಲಾರ್ಥ. ಗಣಿಯ ಕೆಲಸವು ನಿಂತುಹೋದ ಮೇಲೆಯೂ ಜನರು ಆ ಗಿರಿಗೆ ಹೋಗುತ್ತಲೇ ಇರುವರು. ಆದುದರಿಂದ ಈ ಸೀಮೆಯ ಚರಿತ್ರೆಯನ್ನು ಬರೆಯುವವರು ಅದಿರಿನ ಲೆಕ್ಕದೊಡನೆ ಜಾತ್ರೆಯ ಸಂಪ್ರದಾಯವನ್ನೂ, ಅದನ್ನು ಕಂಡು ಬಲ್ಲ ಹಿರಿಯರು ಇರುವಾಗಲೇ, ಬರೆದಿಡುವುದು ಅವಶ್ಯವಾಗಿದೆ.